ಹದಿಹರೆಯದ ಬಸಿರು, ಗರ್ಭನಿರೋಧಕ: ಇಸವಿಗಳನ್ನು ಜೋಡಿಸಿ ಓದೋಣ

ಅಮೆರಿಕದಲ್ಲಿ ಹದಿಹರೆಯದ ಹೆರಿಗೆ ಅತಿ ಜಾಸ್ತಿ ಇದ್ದದ್ದು ಯಾವಾಗ? ಪರೀಕ್ಷೆಯಲ್ಲಿ ಈ ಪ್ರಶ್ನೆಗೆ 1990ರ ಸುಮಾರು ಅಂತ ನಾನು ಬರೆದಿದ್ದೆ. ತಪ್ಪು. ಸರಿ ಉತ್ತರ 1957. ಆ ವರ್ಷ 15ರಿಂದ 19 ವಯಸ್ಸಿನ ಪ್ರತಿ 1000 ಹುಡುಗಿಯರಿಗೆ ಸುಮಾರು 96 ಹೆರಿಗೆ. 1991ರಲ್ಲಿ ಅದು 62ರ ಹತ್ತಿರ, 2020ರಲ್ಲಿ ಬರೀ 15 ಚಿಲ್ಲರೆ.

ಹಾಗಾದರೆ 1957ರಲ್ಲಿ ಯಾರೂ ಗಾಬರಿಯಾಗಲಿಲ್ಲವೇಕೆ? ಆ ತಾಯಂದಿರಲ್ಲಿ ಹೆಚ್ಚಿನವರಿಗೆ ಮದುವೆಯಾಗಿತ್ತು. ಬಸಿರು ಗೊತ್ತಾದ ಮೇಲೆ ತರಾತುರಿಯಲ್ಲಿ ಆದ ಮದುವೆಗಳೂ ಅದರಲ್ಲಿದ್ದವು. 1970ರ ದಶಕದಲ್ಲಿ ಇದು ದೊಡ್ಡ ‘ಸಮಸ್ಯೆ’ ಅನ್ನಿಸಿಕೊಳ್ಳುವ ಹೊತ್ತಿಗೆ ಹೆರಿಗೆ ದರ ಇಳಿಯುತ್ತಿತ್ತು. ಏರುತ್ತಿದ್ದದ್ದು ಮದುವೆಯಾಗದ ತಾಯಂದಿರ ಪಾಲು. (ಹೆರಿಗೆ ದರವೇ ಬೇರೆ, ಬಸಿರಿನ ದರವೇ ಬೇರೆ. ಎರಡನೆಯದರಲ್ಲಿ ಗರ್ಭಪಾತವೂ ಸೇರುತ್ತದೆ. ಇಲ್ಲಿ ಸುಮ್ನೆ ಅಂಕ ಕಳೆದುಕೊಳ್ಳಬೇಡಿ.)

ಇನ್ನು ಗರ್ಭನಿರೋಧಕ. ಈಜಿಪ್ಟಿನ ಹಳೆಯ ಪಪೈರಸ್‌ಗಳಲ್ಲಿ ಜೇನು, ಜಾಲಿ ಹಾಕಿದ ಮದ್ದುಗಳಿವೆ. ರಬ್ಬರ್ ಕಾಂಡೋಮ್ 19ನೇ ಶತಮಾನದ್ದು. 1873ರ ಕಾಮ್‌ಸ್ಟಾಕ್ ಕಾಯ್ದೆ ಅಮೆರಿಕದಲ್ಲಿ ಇಂಥ ವಸ್ತುಗಳನ್ನು ಅಂಚೆಯಲ್ಲಿ ಕಳಿಸುವುದನ್ನೇ ಅಪರಾಧ ಮಾಡಿತು. 1916ರಲ್ಲಿ ಗರ್ಭನಿರೋಧಕದ ಪರ ಹೋರಾಡಿದ ಮಾರ್ಗರೆಟ್ ಸ್ಯಾಂಗರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತೆರೆದ ಗರ್ಭನಿರೋಧಕ ಕ್ಲಿನಿಕ್ಕಿಗೆ ಕೆಲವೇ ದಿನಗಳಲ್ಲಿ ಪೊಲೀಸರು ಬೀಗ ಹಾಕಿದರು.

ಮಾತ್ರೆಯ ಕಥೆ ಸ್ವಾರಸ್ಯವಾಗಿದೆ. ಎನೋವಿಡ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 1957ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮುಟ್ಟಿನ ತೊಂದರೆಗಳಿಗೆ. ಗರ್ಭನಿರೋಧಕ ಅಂತ ಒಪ್ಪಿದ್ದು 1960ರಲ್ಲಿ. ಮೊದಮೊದಲು ಮಾತ್ರೆಗಳು ಸೀಸೆಯಲ್ಲಿ ಬಿಡಿಬಿಡಿಯಾಗಿ ಬರುತ್ತಿದ್ದವು. ಇವತ್ತಿನದು ನುಂಗಿದೆನೋ ಇಲ್ಲವೋ ಅಂತ ಗೊತ್ತಾಗುವುದು ಹೇಗೆ? ಇಲಿನಾಯ್‌ನ ಡೇವಿಡ್ ವ್ಯಾಗ್ನರ್ ಹೆಂಡತಿಗಾಗಿ ಒಂದು ಕಾಗದದ ಮೇಲೆ ವಾರದ ದಿನಗಳನ್ನು ಬರೆದು, ಒಂದೊಂದು ದಿನದ ಮೇಲೆ ಒಂದೊಂದು ಮಾತ್ರೆ ಇಟ್ಟರು. ಏನೋ ತಗುಲಿ ಅವೆಲ್ಲ ನೆಲಕ್ಕೆ ಚೆಲ್ಲಿದವು. ಆಮೇಲೆ ಹುಟ್ಟಿದ್ದು ಅವರ ದುಂಡನೆಯ, ದಿನ ತೋರಿಸುವ ಡಬ್ಬಿ.

ಮಾತ್ರೆ ಬಂದ ಮಾತ್ರಕ್ಕೆ ಹುಡುಗಿಯರ ಕೈಗೆ ಸಿಗಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1965ರಲ್ಲಿ ಗರ್ಭನಿರೋಧಕ ಬಳಸುವ ಮದುವೆಯಾದವರ ಹಕ್ಕನ್ನು ಒಪ್ಪಿತು, 1972ರಲ್ಲಿ ಮದುವೆಯಾಗದವರದನ್ನು. 16 ತುಂಬದವರಿಗೆ ಗರ್ಭನಿರೋಧಕ ಮಾರಬಾರದೆಂಬ ನ್ಯೂಯಾರ್ಕ್ ಕಾನೂನು ಬಿದ್ದದ್ದು 1977ರಲ್ಲಿ. ನಡುವೆ ಇನ್ನೊಂದು ತಿರುವು: 1971ರಲ್ಲಿ ಮತದ ವಯಸ್ಸು 18ಕ್ಕೆ ಇಳಿಯಿತು. ಅದರ ಬೆನ್ನಿಗೇ ಹಲವು ರಾಜ್ಯಗಳು ವಯಸ್ಕರಾಗುವ ವಯಸ್ಸನ್ನೂ ಇಳಿಸಿದವು. ಮಾತ್ರೆ ಪಡೆಯಲು 18ರ ಹುಡುಗಿಗೆ ಅಪ್ಪ ಅಮ್ಮನ ಸಹಿ ಬೇಕಿಲ್ಲದಂತಾಯಿತು. ನನಗೆ ಕೇಳಿದರೆ ಮಾತ್ರೆ ಬಂದದ್ದಕ್ಕಿಂತ ಈ ಸಹಿ ಹೋದದ್ದೇ ದೊಡ್ಡ ಸಂಗತಿ.

ಬ್ರಿಟನ್ನಿನಲ್ಲಿ ಇದೇ ಜಗಳ 1985ರಲ್ಲಿ ಮುಗಿಯಿತು. ತಮಗೆ ತಿಳಿಸದೆ ತಮ್ಮ ಹೆಣ್ಣುಮಕ್ಕಳಿಗೆ ವೈದ್ಯರು ಗರ್ಭನಿರೋಧಕ ಕೊಡಬಾರದು ಎಂದು ವಿಕ್ಟೋರಿಯಾ ಗಿಲಿಕ್ ಎಂಬ ತಾಯಿ ಕೋರ್ಟಿಗೆ ಹೋಗಿದ್ದರು. ನ್ಯಾಯಮೂರ್ತಿಗಳು 3-2ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟರು. ಚಿಕಿತ್ಸೆ ಏನೆಂದು ಹುಡುಗಿಗೆ ಚೆನ್ನಾಗಿ ಅರ್ಥವಾಗಿದ್ದರೆ, 16 ತುಂಬದಿದ್ದರೂ ಅವಳ ಒಪ್ಪಿಗೆ ಸಾಕು. ವೈದ್ಯರು ಆ ಅಳತೆಯನ್ನು ಇವತ್ತಿಗೂ ‘ಗಿಲಿಕ್ ಸಾಮರ್ಥ್ಯ’ ಅಂತಲೇ ಕರೆಯುತ್ತಾರೆ. ಸೋತವರ ಹೆಸರೇ ನಿಂತಿತು, ತಮಾಷೆ ಅಲ್ವಾ?