ಮಾರಾಟದ ಆವೃತ್ತಿ ಬಂದ ಮೇಲೆ ಮುಕ್ತ ತಂತ್ರಾಂಶದ ಆರೈಕೆ

ಮುಕ್ತ ತಂತ್ರಾಂಶವೊಂದಕ್ಕೆ ಹಣ ಕೊಟ್ಟು ಕೊಳ್ಳಬೇಕಾದ ಆವೃತ್ತಿ ಹುಟ್ಟಿದೊಡನೆ ಚರ್ಚೆಯೆಲ್ಲ ಪರವಾನಗಿಯ ಸುತ್ತ ನಡೆಯುತ್ತದೆ. ಆದರೆ ಒಮ್ಮೆ ಮುಕ್ತ ಪರವಾನಗಿಯಲ್ಲಿ ಹೊರಬಿದ್ದ ಕೋಡ್ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. 2024ರ ಮಾರ್ಚ್‌ನಲ್ಲಿ ರೆಡಿಸ್ ಎಂಬ ದತ್ತಾಂಶ ಸಂಗ್ರಹ ತಂತ್ರಾಂಶ ತನ್ನ ಪರವಾನಗಿಯನ್ನು ಹೆಚ್ಚು ನಿರ್ಬಂಧದ್ದಕ್ಕೆ ಬದಲಿಸಿತು. ಆಗಲೂ 7.2.4 ಆವೃತ್ತಿ ಬಿಎಸ್‌ಡಿ ಎಂಬ ಮುಕ್ತ ಪರವಾನಗಿಯಲ್ಲೇ ಇತ್ತು. ಆ ಕೋಡನ್ನೇ ಎತ್ತಿಕೊಂಡು ಪ್ರತ್ಯೇಕವಾಗಿ ಬೆಳೆಸುವ ವಾಲ್ಕೀ ಯೋಜನೆ ಕವಲೊಡೆದದ್ದು ಅಲ್ಲಿಂದಲೇ. ಮುಕ್ತ ಆವೃತ್ತಿ ಸೊರಗುವುದು ದೋಷಗಳ ತಿದ್ದುಪಡಿ ಅದಕ್ಕೆ ತಡವಾಗಿ ಬರತೊಡಗಿದಾಗ; ಸಾಯುವುದು ಅವು ಬರುವುದೇ ನಿಂತಾಗ.

ಹಾಗಾಗಿ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ತಿದ್ದುಪಡಿ ಹರಿಯುವ ದಿಕ್ಕು. ಎರಡು ಪ್ರತ್ಯೇಕ ರೆಪಾಸಿಟರಿ (ಕೋಡ್ ಸಂಗ್ರಹ) ಇಟ್ಟುಕೊಂಡು, ಮಾರಾಟದ ಆವೃತ್ತಿಯಲ್ಲಿ ಕೆಲಸ ಮುಗಿಸಿ, ಬಿಡುವಾದಾಗ ಮುಕ್ತ ಆವೃತ್ತಿಗೆ ದಾಟಿಸುತ್ತೇವೆ ಎಂಬ ಏರ್ಪಾಡು ಹೆಚ್ಚು ಕಾಲ ನಡೆಯುವುದಿಲ್ಲ. ಎರಡರ ಒಳರಚನೆ ಬಿಡುಗಡೆಯಿಂದ ಬಿಡುಗಡೆಗೆ ದೂರವಾಗುತ್ತಾ ಹೋಗಿ, ಕೊನೆಗೆ ಒಂದರ ಪ್ಯಾಚ್ (ಕೋಡ್‌ನ ತಿದ್ದುಪಡಿ ತುಣುಕು) ಇನ್ನೊಂದಕ್ಕೆ ಕೂರುವುದೇ ಇಲ್ಲ. ಮುಕ್ತ ಆವೃತ್ತಿಯೇ ಬುಡವಾಗಿರಬೇಕು. ಮಾರಾಟದ ಸೌಲಭ್ಯಗಳು ಸ್ಪಷ್ಟವಾದ ಪ್ಲಗಿನ್ (ಬೇಕೆಂದಾಗ ಜೋಡಿಸಿ ತೆಗೆಯಬಲ್ಲ ಭಾಗ) ಸಂಪರ್ಕದ ಮೂಲಕ ಅದರ ಮೇಲೆ ಕೂರಬೇಕು. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಸ್ಥಿರ ಶಾಖೆಗಳಿಗೆ, ಅಂದರೆ ಮುಖ್ಯವಾಗಿ ತಿದ್ದುಪಡಿಗಳನ್ನಷ್ಟೇ ಪಡೆಯುವ ಹಳೆಯ ಆವೃತ್ತಿಗಳಿಗೆ, ಇರುವ ನಿಯಮ ಇಲ್ಲಿ ಒಳ್ಳೆಯ ಮಾದರಿ: ಪ್ಯಾಚ್ ಮೊದಲು ಮುಖ್ಯ ಶಾಖೆಗೆ ಸೇರಿರಬೇಕು, ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು.

ಹಳೆಯ ಶಾಖೆಗೆ ತಿದ್ದುಪಡಿ ಇಳಿಸುವುದು ನೋಡಲು ಸುಲಭ, ಮಾಡುವಾಗ ಕಷ್ಟ. ಮೊದಲು ಆ ದೋಷವನ್ನು ಹಿಡಿಯುವ ಪರೀಕ್ಷೆಯನ್ನಷ್ಟೇ ಹಳೆಯ ಶಾಖೆಗೆ ತಂದು ಓಡಿಸಿ, ಅದು ವಿಫಲವಾಗಬೇಕು. ವಿಫಲವಾಗದಿದ್ದರೆ ಒಂದೋ ದೋಷ ಅಲ್ಲಿಲ್ಲ, ಇಲ್ಲವೇ ಬೇರೆ ಜಾಗದಲ್ಲಿ ಅಡಗಿದೆ. ಆಮೇಲೆ ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಸಾಧನದಲ್ಲಿ, ಒಂದು ಶಾಖೆಯ ಬದಲಾವಣೆಯನ್ನು ಇನ್ನೊಂದಕ್ಕೆ ತರುವ ಚೆರಿ-ಪಿಕ್ ಆಜ್ಞೆಯನ್ನು ಎಕ್ಸ್ (-x) ಆಯ್ಕೆಯೊಂದಿಗೆ ಕೊಡಿ. ಮೂಲ ಕಮಿಟ್‌ನ (ದಾಖಲಾದ ಬದಲಾವಣೆಯ) ಗುರುತು ಅದರ ಸಂದೇಶದಲ್ಲಿ ದಾಖಲಾಗುವುದರಿಂದ ಯಾವ ಶಾಖೆಗೆ ಏನು ಹೋಗಿದೆ ಎಂದು ಮುಂದೆ ಹುಡುಕಬಹುದು. ಇಲ್ಲಿ ನಿಜವಾಗಿ ಹೆದರಬೇಕಾದದ್ದು ಕೂರದ ಪ್ಯಾಚ್‌ಗಲ್ಲ, ಸರಾಗವಾಗಿ ಕೂತ ಪ್ಯಾಚ್‌ಗೆ. ಹೊಸ ಶಾಖೆಯಲ್ಲಿ ಖಾಲಿ ಮೌಲ್ಯವನ್ನು ತಾನೇ ಪರಿಶೀಲಿಸುವ ಫಂಕ್ಷನ್ ಹಳೆಯದರಲ್ಲಿ ಅದೇ ಹೆಸರಿನಲ್ಲಿದ್ದೂ ಪರಿಶೀಲಿಸದೆ ಇರಬಹುದು. ಗಿಟ್ ಯಾವ ತಕರಾರೂ ಎತ್ತುವುದಿಲ್ಲ, ತಂತ್ರಾಂಶ ಮಾತ್ರ ಬಳಕೆದಾರರ ಬಳಿ ಕುಸಿಯುತ್ತದೆ. ಆದ್ದರಿಂದ ಪ್ಯಾಚ್ ಕರೆಯುವ ಪ್ರತಿ ಫಂಕ್ಷನ್ನನ್ನೂ ಹಳೆಯ ಶಾಖೆಯಲ್ಲೇ ತೆರೆದು ಓದಬೇಕು.

ಇಷ್ಟೆಲ್ಲ ನಿಂತಿರುವುದು ಪರೀಕ್ಷೆಗಳ ಮೇಲೆ. 2012ರಲ್ಲಿ ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯ ತಂತ್ರಾಂಶದ ಬಿಡುಗಡೆಗಳಲ್ಲಿ ಹೊಸ ತಿದ್ದುಪಡಿಗಳ ಕೆಲವು ಪರೀಕ್ಷೆಗಳು ಕಾಣದಾದಾಗ ಕವಲು ಯೋಜನೆಗಳವರು ಆತಂಕಪಟ್ಟದ್ದು ಸಹಜವೇ ಆಗಿತ್ತು. ಕೋಡ್ ಕೈಯಲ್ಲಿದ್ದರೂ ಪರೀಕ್ಷೆ ಇಲ್ಲದಿದ್ದರೆ ತಿದ್ದುಪಡಿ ಸರಿಯೇ ಎಂದು ಹೊರಗಿನವರು ಖಚಿತಪಡಿಸಿಕೊಳ್ಳಲಾಗದು. ಪರೀಕ್ಷೆಯ ಹೊರೆಯೂ ಬೇಗ ಬೆಳೆಯುತ್ತದೆ: ಮೂರು ಶಾಖೆ, ನಾಲ್ಕು ಕಾರ್ಯಾಚರಣಾ ವ್ಯವಸ್ಥೆ, ಪ್ರೋಗ್ರಾಮಿಂಗ್ ಭಾಷೆಯ ಮೂರು ಆವೃತ್ತಿ ಎಂದರೆ ಪ್ರತಿ ಬದಲಾವಣೆಗೂ 36 ಬಿಲ್ಡ್ (ಕೋಡನ್ನು ಕಟ್ಟಿ ಪರೀಕ್ಷಿಸುವ ಸುತ್ತು). ಸಣ್ಣ ತಂಡ ಎರಡು ಶಾಖೆಗಳಿಗೆ ನಿಂತರೆ ಅದು 24ಕ್ಕೆ ಇಳಿಯುತ್ತದೆ, ಅಷ್ಟನ್ನು ಚೆನ್ನಾಗಿ ನೋಡಿಕೊಳ್ಳುವುದೇ ಲೇಸು.

ಭದ್ರತಾ ತಿದ್ದುಪಡಿಯಲ್ಲಂತೂ ತಡ ಸಲ್ಲದು. ಹಣ ಕೊಟ್ಟವರಿಗೆ ಇಂದು, ಉಳಿದವರಿಗೆ ಎರಡು ವಾರದ ನಂತರ ಎಂಬ ನೀತಿ ಬಹಳ ಅಪಾಯಕಾರಿ. ಹಳೆಯ ಮತ್ತು ಹೊಸ ಬೈನರಿಗಳನ್ನು (ಯಂತ್ರ ಓಡಿಸುವ ಸಿದ್ಧ ಕಡತಗಳನ್ನು) ಹೋಲಿಸಿ ಎಲ್ಲಿ ಏನು ಬದಲಾಗಿದೆ ಎಂದು ಪತ್ತೆ ಹಚ್ಚುವ ಸಾಧನಗಳು ದಾಳಿಕೋರರ ಬಳಿ ಇವೆ. ಮಾರಾಟದ ಆವೃತ್ತಿಯ ಬಿಡುಗಡೆಯೇ ಮುಕ್ತ ಆವೃತ್ತಿಯ ಬಳಕೆದಾರರ ಮೇಲೆ ದಾಳಿಗೆ ದಾರಿ ತೋರಿಸುತ್ತದೆ. ಎರಡೂ ಒಂದೇ ಗಂಟೆಯಲ್ಲಿ ಹೊರಬರಬೇಕು.

ದತ್ತಾಂಶದ ಕಡತ ಸ್ವರೂಪವನ್ನು ಬಹಳ ಮಂದಿ ಮರೆಯುತ್ತಾರೆ. ರೆಡಿಸ್ 7.2 ತನ್ನ ದತ್ತಾಂಶವನ್ನು ಉಳಿಸಿಡುವ ಆರ್‌ಡಿಬಿ ಕಡತದ ಸ್ವರೂಪ ಸಂಖ್ಯೆ 11, 7.4ರದ್ದು 12. ಹೀಗಾಗಿ 7.2ರ ಕಡತವನ್ನು ವಾಲ್ಕೀ ನೇರವಾಗಿ ಓದುತ್ತದೆ, 7.4ರದ್ದನ್ನು ಸಾಮಾನ್ಯವಾಗಿ ಓದುವುದಿಲ್ಲ. ಕವಲು ಯೋಜನೆಗೆ ಹೋಗಬೇಕೆಂದಿರುವವರು ಮಾರಾಟದ ಹಾದಿಯಲ್ಲಿ ಒಂದು ಹೆಜ್ಜೆ ಮೇಲೇರುವ ಮುನ್ನವೇ ಇದನ್ನು ಪರಿಶೀಲಿಸಬೇಕು. ನಿರ್ವಾಹಕರು ಎರಡೂ ಆವೃತ್ತಿ ಓದಬಲ್ಲ ರಫ್ತು ಸೌಲಭ್ಯವನ್ನು ಮುಕ್ತ ಆವೃತ್ತಿಯಲ್ಲೇ ಇಡಬೇಕು.

ಬಳಕೆದಾರರ ಬೆಂಬಲಕ್ಕೆ ಬಂದರೆ, ದೋಷ ವರದಿಯ ನಮೂನೆಯ ಮೊದಲ ಪ್ರಶ್ನೆ ಯಾವ ಆವೃತ್ತಿ ಎಂಬುದೇ ಆಗಿರಲಿ. ಮಾರಾಟದ ಪ್ಲಗಿನ್ ತೆಗೆದ ಮೇಲೂ ದೋಷ ಮರುಕಳಿಸಿದರೆ ಅದು ಮುಕ್ತ ಬುಡದ್ದು, ಅಲ್ಲೇ ಸರಿಪಡಿಸಬೇಕು.

ಕೊಡುಗೆಗಳ ಹಕ್ಕಿನ ವಿಷಯ ಸೂಕ್ಷ್ಮ. ಹಲವು ಕಂಪನಿಗಳು ಕೇಳುವ ಕೊಡುಗೆ ಒಪ್ಪಂದಗಳು ಆ ಕೋಡನ್ನು ಬೇರೆ ಪರವಾನಗಿಯಲ್ಲೂ ಹಂಚುವ ಅಧಿಕಾರ ಕೊಡುತ್ತವೆ. ಲಿನಕ್ಸ್ ಕರ್ನಲ್ 2004ರಿಂದ ಬಳಸುತ್ತಿರುವ ಮೂಲ ಪ್ರಮಾಣಪತ್ರದಲ್ಲಿ (ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್) ಆ ಅಧಿಕಾರವಿಲ್ಲ. ಈ ಕೋಡನ್ನು ಕೊಡಲು ನನಗೆ ಹಕ್ಕಿದೆ ಎಂಬ ಘೋಷಣೆಯಷ್ಟೇ ಇದೆ. ಮುಕ್ತ ಆವೃತ್ತಿ ಉಳಿಯಬೇಕೆಂದು ಬಯಸುವವರು ಎರಡನೆಯದನ್ನೇ ಕೇಳಬೇಕೆಂಬುದು ನಮ್ಮ ದೃಢ ಅಭಿಪ್ರಾಯ. ಇನ್ನು ಕವಲು ಯೋಜನೆಯಲ್ಲಿರುವವರು ನಕಲು ಮಾಡಿದರೆಂಬ ಆರೋಪ ಬಾರದಂತೆ ಹೊಸ, ನಿರ್ಬಂಧಿತ ಪರವಾನಗಿಯ ಕೋಡನ್ನು ತೆರೆದು ನೋಡದಿರುವುದೇ ಕ್ಷೇಮ. 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್ ಎಂಬ ಸರ್ವರ್ ವ್ಯವಸ್ಥೆ ನಿರ್ಮಿಸುವ ತಂತ್ರಾಂಶ ಬಿಎಸ್‌ಎಲ್ (ಬಿಸಿನೆಸ್ ಸೋರ್ಸ್ ಲೈಸೆನ್ಸ್) ಎಂಬ ನಿರ್ಬಂಧಿತ ಪರವಾನಗಿಗೆ ಹೋಯಿತು. ಆ ಪರವಾನಗಿಯ ಪ್ರಕಾರ ಪ್ರತಿ ಆವೃತ್ತಿ ಹೆಚ್ಚೆಂದರೆ 4 ವರ್ಷಕ್ಕೆ ಮುಕ್ತವಾಗುತ್ತದೆ. ಅಲ್ಲಿಯವರೆಗೆ ಟೆರಾಫಾರ್ಮ್‌ನಿಂದ ಕವಲೊಡೆದ ಓಪನ್‌ಟೋಫುವಿನಂಥ ಯೋಜನೆ ಟೆರಾಫಾರ್ಮ್ ಸರಿಪಡಿಸಿದ ದೋಷವನ್ನೂ ಬಳಕೆದಾರರ ವರದಿಯಿಂದ ತಿಳಿದು ಸ್ವಂತವಾಗಿ ಸರಿಪಡಿಸಬೇಕಾಗುತ್ತದೆ.

ಶಾಖೆ ಮುಚ್ಚುವ ದಿನ ಮೊದಲೇ ತಿಳಿದಿರಲಿ. ಗೂಢಲಿಪಿ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ನ 1.1.1 ಶಾಖೆ 2018ರ ಸೆಪ್ಟೆಂಬರ್ 11ರಂದು ಹೊರಬಂದು, ಸರಿಯಾಗಿ 5 ವರ್ಷಕ್ಕೆ ಸಾರ್ವಜನಿಕ ಬೆಂಬಲ ಮುಗಿಸಿತು. ಆಮೇಲಿನ ತಿದ್ದುಪಡಿಗಳು ಹಣ ಕೊಟ್ಟು ಬೆಂಬಲ ಪಡೆದವರಿಗೆ ಮಾತ್ರ. ದಿನಾಂಕ ಮುಂಚಿತವಾಗಿಯೇ ಪ್ರಕಟವಾಗಿದ್ದರಿಂದ 3.0ಕ್ಕೆ ದಾಟಲು ಸಮಯವಿತ್ತು. ಮುಚ್ಚುವಾಗ ಮಾಡಬೇಕಾದದ್ದು ಇಷ್ಟು: ಬಾಕಿ ಭದ್ರತಾ ತಿದ್ದುಪಡಿಗಳನ್ನೆಲ್ಲ ಸೇರಿಸಿ ಕೊನೆಯ ಬಿಡುಗಡೆ ಮಾಡಿ, ಅದಕ್ಕೆ ಸಹಿ ಹಾಕಿ, ಓದು-ಮಾತ್ರ ಎಂದು ಗುರುತಿಸಿ, ಬಿಲ್ಡ್ ಮಾಡುವ ವಿಧಾನವನ್ನೂ ಪರೀಕ್ಷೆಗಳನ್ನೂ ಅದೇ ರೆಪಾಸಿಟರಿಯಲ್ಲಿ ಬಿಡಿ. ಮುಂದೆ ಆ ಶಾಖೆಯನ್ನು ಎತ್ತಿಕೊಳ್ಳುವವರು ಮೊದಲ ದಿನವೇ ಅದನ್ನು ಕಟ್ಟಿ ಓಡಿಸುವಂತಿರಬೇಕು.