ಇಪ್ಪತ್ತೈದರಿಂದ ಭಾಗವಾಗದ ಕಾರು

1970ರ ಪ್ಲಿಮತ್ ಸೂಪರ್‌ಬರ್ಡ್ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ದೂರ 116 ಅಂಗುಲ, ಅಂದರೆ 2,946 ಮಿಲಿಮೀಟರ್. ಅಮೆರಿಕದ ಕಾರುಗಳ ಪ್ಲಾಸ್ಟಿಕ್ ಮಾದರಿಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ 25ಕ್ಕೆ 1ರ ಪ್ರಮಾಣದಲ್ಲಿ ಅದು ಸುಮಾರು 118 ಮಿಲಿಮೀಟರ್ ಆಗುತ್ತದೆ. ಲೆಕ್ಕ ಇಷ್ಟು ಸಲೀಸಾಗಿ ಮುಗಿಯುವುದು ಉದ್ದಗಲಗಳಲ್ಲಿ ಮಾತ್ರ. ತಗಡಿನ ದಪ್ಪ, ಬಣ್ಣದ ಪದರ, ನೀಲಿಯ ಛಾಯೆ, ಕಾರಿನ ಭಾರ, ಇವು ಯಾವುವೂ ಇಪ್ಪತ್ತೈದರ ಮಗ್ಗಿಗೆ ಬಗ್ಗುವುದಿಲ್ಲ.

ಸ್ಟಾಕ್ ಕಾರ್ ಎಂದರೆ ಹೆಸರಿಗೆ ಅಂಗಡಿಯಲ್ಲಿ ಸಿಗುವ ಕಾರು. ಚೂಪು ಮೂಗು ಮತ್ತು ಹಿಂಬದಿಯಲ್ಲಿ ಆಳೆತ್ತರಕ್ಕೆ ನಿಂತಂತಿರುವ ರೆಕ್ಕೆಯ ಸೂಪರ್‌ಬರ್ಡ್ ಹುಟ್ಟಿದ್ದೇ ಅಮೆರಿಕದ ಸ್ಟಾಕ್ ಕಾರ್ ಓಟಗಳಾದ ನಾಸ್ಕಾರ್ ಪಂದ್ಯಗಳಿಗಾಗಿ. ಆದರೆ ಸಾರ್ವಜನಿಕರಿಗೂ ಮಾರಬೇಕೆಂಬ ನಿಯಮವಿದ್ದುದರಿಂದ 1,900ಕ್ಕೂ ಹೆಚ್ಚು ಕಾರುಗಳನ್ನು ತಯಾರಿಸಬೇಕಾಯಿತು. ಮಾದರಿಕಾರರ ಮೆಚ್ಚಿನ ಕಾರು ಆ ಪಂದ್ಯಗಳ ಚಾಲಕ ರಿಚರ್ಡ್ ಪೆಟ್ಟಿಯವರ 43ನೇ ಸಂಖ್ಯೆಯದು. ಅದನ್ನು ಮಾಡಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ಯಾವ ದಿನದ ಕಾರು ಎಂಬುದನ್ನು. ಪಂದ್ಯದ ಕಾರು ತಿಕ್ಕಾಡುತ್ತದೆ, ತಗಡು ಬದಲಿಸಿಕೊಳ್ಳುತ್ತದೆ, ಜಾಹೀರಾತಿನ ಚೀಟಿಗಳನ್ನು ಅಂಟಿಸಿಕೊಳ್ಳುತ್ತದೆ. 1970ರ ಮೇ ತಿಂಗಳಲ್ಲಿ ಡಾರ್ಲಿಂಗ್ಟನ್‌ನಲ್ಲಿ ಪೆಟ್ಟಿ ಓಡಿಸುತ್ತಿದ್ದ ಬೇರೊಂದು ಕಾರು ಉರುಳಿಬಿದ್ದಾಗ ಅವರ ತೋಳು ಕಿಟಕಿಯಿಂದ ಹೊರಗೆ ಜೋತಾಡಿತು. ಚಾಲಕನ ಕಿಟಕಿಗೆ ಬಲೆ ಕಟ್ಟಬೇಕೆಂಬ ನಿಯಮ ಬಂದದ್ದು ಆ ಬಳಿಕ. ಹಾಗಾಗಿ ಅದೇ ವರ್ಷದ ಫೆಬ್ರವರಿಯ ಡೇಟೋನಾ ಪಂದ್ಯದ ಕಾರಿಗೆ ಬಲೆ ಹಾಕಿದರೆ, ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಇತಿಹಾಸ ತಪ್ಪಿದಂತೆಯೇ. (ಆ ಪಂದ್ಯದಲ್ಲಿ ಪೆಟ್ಟಿಯ ಇಂಜಿನ್ ಆರಂಭದಲ್ಲೇ ಕೈಕೊಟ್ಟಿತು, ಗೆದ್ದದ್ದು ಅವರದೇ ತಂಡದ ಇನ್ನೊಂದು ಸೂಪರ್‌ಬರ್ಡ್ ಓಡಿಸಿದ ಪೀಟ್ ಹ್ಯಾಮಿಲ್ಟನ್.)

ಕಾರಿನ ಉಕ್ಕಿನ ತಗಡು ಒಂದು ಮಿಲಿಮೀಟರ್ ಆಸುಪಾಸಿನ ದಪ್ಪವಿರುತ್ತದೆ. ಇಪ್ಪತ್ತೈದರಿಂದ ಭಾಗಿಸಿದರೆ ಸಿಗುವುದು 0.04 ಮಿಲಿಮೀಟರ್, ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ. ಅಚ್ಚಿಗೆ ಬಿಸಿ ಪಾಲಿಸ್ಟೈರೀನನ್ನು ಒತ್ತಡದಲ್ಲಿ ನುಗ್ಗಿಸಿ ಅಷ್ಟು ತೆಳುವಾದ ಕವಚವನ್ನು ಎರಕ ಹೊಯ್ಯಲಾಗದು, ಹೊಯ್ದರೂ ಅದು ಕೈಯಲ್ಲಿ ನಿಲ್ಲದು. ಆದ್ದರಿಂದ ಮಾದರಿಯ ಕವಚ ಸುಮಾರು ಒಂದು ಮಿಲಿಮೀಟರ್ ದಪ್ಪವಾಗಿಯೇ ಇರುತ್ತದೆ, ಅಂದರೆ ಪ್ರಮಾಣದಲ್ಲಿ ಒಂದಂಗುಲ ದಪ್ಪದ ಗೋಡೆ. ಇದಕ್ಕೆ ಉಪಾಯವೆಂದರೆ ಚಕ್ರದ ಕಮಾನು ಮತ್ತು ರೆಕ್ಕೆಯ ಅಂಚುಗಳನ್ನು ಮಾತ್ರ ಒಳಬದಿಯಿಂದ ಉಪ್ಪುಕಾಗದದಲ್ಲಿ ಉಜ್ಜಿ ಸವೆಸುವುದು. ಅಂಚು ತೆಳ್ಳಗಿದ್ದರೆ ಇಡೀ ತಗಡೇ ತೆಳ್ಳಗಿದೆಯೆಂದು ಕಣ್ಣು ನಂಬಿಬಿಡುತ್ತದೆ.

ಬಣ್ಣದ್ದು ಇನ್ನೂ ಹಟಮಾರಿ ಸಮಸ್ಯೆ. ಬಾಗಿಲಿನ ಸುತ್ತಲಿನ 5 ಮಿಲಿಮೀಟರ್ ಸಂದಿ ಮಾದರಿಯಲ್ಲಿ 0.2 ಮಿಲಿಮೀಟರ್ ಆಗುತ್ತದೆ. ತಳಬಣ್ಣ, ನೀಲಿ, ಮೇಲಿನ ಹೊಳಪು ಎಲ್ಲ ಸೇರಿ ಎರಡು ಬದಿಗೂ 0.05 ಮಿಲಿಮೀಟರಿನಷ್ಟು ಕೂತರೆ ಅರ್ಧ ಸಂದಿ ಮಾಯ. ಉಳಿದರ್ಧಕ್ಕೆ ಹಸಿ ಬಣ್ಣ ತನ್ನ ಮೇಲ್ಮೈ ಸೆಳೆತದಿಂದ ತಾನೇ ಹರಿದು ತುಂಬಿಕೊಳ್ಳುತ್ತದೆ. ಅದಕ್ಕೇ ಅನುಭವಿಗಳು ಬಣ್ಣಕ್ಕೆ ಮೊದಲೇ ಆ ಗೀರನ್ನು ಸೂಜಿಮೊನೆಯಿಂದ ಬೇಕಾದ್ದಕ್ಕಿಂತ ಆಳವಾಗಿ ಕೊರೆದಿಡುತ್ತಾರೆ. ಹಸಿ ಬಣ್ಣದ ಮೇಲೆ ಬಿದ್ದ 0.05 ಮಿಲಿಮೀಟರಿನ ಧೂಳಿನ ಕಣವೊಂದು ನಿಜವಾದ ಕಾರಿನ ಬಾನೆಟ್ಟಿಗೆ ರಾಗಿಕಾಳು ಅಂಟಿಕೊಂಡಷ್ಟು ದೊಡ್ಡದಾಗಿ ಕಾಣುತ್ತದೆ.

ಇನ್ನು ಆ ನೀಲಿ ಯಾವುದು? ಬಿಳಿಯೂ ಗಾಢ ನೀಲಿಯೂ ಸಾಲದೆ ಎರಡನ್ನೂ ಬೆರೆಸಿದಾಗ ಹುಟ್ಟಿದ್ದೇ ‘ಪೆಟ್ಟಿ ನೀಲಿ’ ಎಂದು ಆ ಕುಟುಂಬದವರು ಹೇಳುತ್ತ ಬಂದಿದ್ದಾರೆ. ಹಳೆಯ ಫೋಟೋ ನೋಡಿ ಬೆರೆಸೋಣವೆಂದರೆ, ಆ ಕಾಲದ ಅನೇಕ ಬಣ್ಣದ ಪ್ರಿಂಟುಗಳಲ್ಲಿ ಕತ್ತಲಲ್ಲಿಟ್ಟರೂ ಮೊದಲು ಮಾಸುವುದು ತಿಳಿನೀಲಿ ವರ್ಣದ್ರವ್ಯವೇ. ಚಿತ್ರ ಕೆಂಪಿಗೆ ತಿರುಗುತ್ತದೆ. ಅಂದರೆ ನಮಗೆ ಬೇಕಾದ ಬಣ್ಣದ ಮಟ್ಟಿಗೇ ಸಾಕ್ಷಿ ಸುಳ್ಳಾಡುತ್ತದೆ. ಮೂಲ ಬಣ್ಣ ಸಿಕ್ಕಿತೆನ್ನಿ, ಅದನ್ನೇ ಹಚ್ಚಿದರೂ ಮಾದರಿ ಮಂಕಾಗಿ ತೋರುತ್ತದೆ. ನಡುವಿನ ಗಾಳಿಯ ಮಬ್ಬೇ ಇದಕ್ಕೆ ಕಾರಣವೆಂದು ಕೆಲವರು ಹೇಳುವುದುಂಟು. ಮಾದರಿಯನ್ನು ಒಂದಡಿ ದೂರದಿಂದ ನೋಡುವುದು ನಿಜವಾದ ಕಾರನ್ನು ಇಪ್ಪತ್ತೈದು ಅಡಿಯಿಂದ ನೋಡಿದಂತೆ. ಅಷ್ಟು ಗಾಳಿಯಲ್ಲಿ ಅಂಥ ಮಬ್ಬೇನೂ ಇರದು, ಆದ್ದರಿಂದ ನನಗದು ಒಪ್ಪಿಗೆಯಿಲ್ಲ. ನಡುಹಗಲಿನ ಬಿಸಿಲು ಮನೆಯೊಳಗಿನ ಬೆಳಕಿಗಿಂತ ನೂರಾರು ಪಟ್ಟು ಪ್ರಖರ. ಬೆಳಕು ತಗ್ಗಿದಂತೆ ಬಣ್ಣದ ಗಾಢತೆಯೂ ನಮ್ಮ ಕಣ್ಣಿಗೆ ತಗ್ಗಿದಂತೆ ಕಾಣುತ್ತದೆಂಬುದು ಹೆಚ್ಚು ಸರಿಹೊಂದುವ ವಿವರಣೆ. ಹೇಗಿದ್ದರೂ, ನೀಲಿಯನ್ನು ತುಸು ತಿಳಿಗೊಳಿಸಿಯೇ ಹಚ್ಚುತ್ತಾರೆ.

ಬಾನೆಟ್ಟಿನಡಿ ಇರುವುದು 426 ಘನ ಅಂಗುಲದ, ಅಂದರೆ ಸುಮಾರು 7 ಲೀಟರಿನ ಹೆಮಿ ಇಂಜಿನ್. ಅದರ ದಹನ ಕೋಣೆ ಅರ್ಧಗೋಳದ ಆಕಾರದ್ದು. ವಾಲ್ವ್‌ಗಳು ಎರಡು ಪಕ್ಕಕ್ಕೆ ಸರಿದು ನಡುವೆ ಸ್ಪಾರ್ಕ್ ಪ್ಲಗ್ಗಿಗೆ ಜಾಗ ಬಿಡುವುದರಿಂದ ಪ್ಲಗ್ಗಿನ ತಂತಿಗಳು ವಾಲ್ವ್ ಮುಚ್ಚಳದ ನಟ್ಟನಡುವೆ ಇಳಿಯುತ್ತವೆ. 8 ಮಿಲಿಮೀಟರ್ ದಪ್ಪದ ತಂತಿ ಇಲ್ಲಿ 0.32 ಮಿಲಿಮೀಟರ್. ಎಂಟು ಸಿಲಿಂಡರುಗಳ ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ತಲೆ ಒಂದು ಮೆಣಸಿನ ಕಾಳಿನಷ್ಟಿದ್ದು, ಅದರ ಮೇಲೆ ಸುತ್ತ ಎಂಟು, ನಡುವೆ ಒಂದು ತೂತನ್ನು ಬೆರಳುಗಳಲ್ಲೇ ತಿರುಗಿಸುವ ಡ್ರಿಲ್ಲಿನಿಂದ ಕೊರೆಯಬೇಕು. ಹಠವಾದಿಗಳು ತಂತಿಗಳನ್ನು 1-8-4-3-6-5-7-2 ಎಂಬ ಉರಿಯುವ ಸರದಿಗೆ ಸರಿಯಾಗಿಯೇ ಜೋಡಿಸುತ್ತಾರೆ, ಬಾನೆಟ್ ಮುಚ್ಚಿದರೆ ಯಾರಿಗೂ ಕಾಣದೆಂದು ಗೊತ್ತಿದ್ದೂ.

ಕೊನೆಗೆ ಭಾರ. ಉದ್ದ 25 ಪಟ್ಟು ಕುಗ್ಗಿದರೆ ನೆಲಕ್ಕೆ ತಾಗುವ ವಿಸ್ತೀರ್ಣ 625 ಪಟ್ಟು, ಘನಗಾತ್ರ 15,625 ಪಟ್ಟು ಕುಗ್ಗುತ್ತದೆ. ಕಾರು 1,700 ಕಿಲೋ ಎಂದಿಟ್ಟುಕೊಂಡು ಅದೇ ಲೋಹಗಳಿಂದ ಮಾದರಿ ಮಾಡಿದರೂ ಅದು ತೂಗುವುದು ಸುಮಾರು 109 ಗ್ರಾಂ. ಟೈರಿನಡಿಯ ಒತ್ತಡ ಮೂಲದ ಇಪ್ಪತ್ತೈದನೇ ಒಂದು ಭಾಗ. ಹೀಗಾಗಿ ನಿಜವಾದ ಟೈರು ಭಾರಕ್ಕೆ ಅಡಿಯಲ್ಲಿ ಚಪ್ಪಟೆಯಾದಂತೆ ಮಾದರಿಯದು ಆಗುವುದಿಲ್ಲ, ಕಾರು ಆಟಿಕೆಯಂತೆ ತುದಿಗಾಲಲ್ಲಿ ನಿಂತಿರುತ್ತದೆ. ನಾಲ್ಕೂ ಟೈರುಗಳ ಅಡಿಯನ್ನು ಉಪ್ಪುಕಾಗದದ ಮೇಲಿಟ್ಟು ನಾಲ್ಕಾರು ಬಾರಿ ಎಳೆದು ಚೂರು ಚಪ್ಪಟೆ ಮಾಡಿದರೆ, ಅದೇ ಕಾರು ನೆಲಕ್ಕೆ ಭಾರ ಬಿಟ್ಟು ಕೂತುಕೊಳ್ಳುತ್ತದೆ.