‘ಮೊದಲ ಕಾರ್ಟೂನ್ ಸಿನಿಮಾ ಅಲ್ವಾ, ಅದಕ್ಕೇ’ ಅಂತ ದಯವಿಟ್ಟು ಇನ್ನು ಹೇಳಬೇಡಿ

ಪ್ರಶ್ನೆ: ‘ಸ್ನೋ ವೈಟ್ ಆ್ಯಂಡ್ ದ ಸೆವೆನ್ ಡ್ವಾರ್ಫ್ಸ್’ ಬಂದು ಎಂಬತ್ತೈದು ವರ್ಷ ದಾಟಿತು. ನನ್ನ ಮಗಳು ಈಗಿನ ಕಂಪ್ಯೂಟರ್ ಗ್ರಾಫಿಕ್ಸ್ ಸಿನಿಮಾಗಳನ್ನೆಲ್ಲ ಬಿಟ್ಟು ಅದನ್ನೇ ಮತ್ತೆ ಮತ್ತೆ ಹಾಕು ಅನ್ನುತ್ತಾಳೆ. ಪ್ರಪಂಚದ ಮೊದಲ ಆ್ಯನಿಮೇಷನ್ ಸಿನಿಮಾ ಅನ್ನುವ ಕಾರಣಕ್ಕೆ ಅದರ ಹೆಸರು ಉಳಿದಿದೆಯಾ, ಅಥವಾ ನಿಜಕ್ಕೂ ಅದರಲ್ಲಿ ಏನಾದರೂ ಇದೆಯಾ?

ಉತ್ತರ: ಅರ್ಧ ಉತ್ತರವನ್ನು ನಿಮ್ಮ ಮಗಳೇ ಕೊಟ್ಟಿದ್ದಾಳೆ, ನೀವು ಗಮನಿಸಿಲ್ಲ ಅಷ್ಟೆ. ‘ಇದು ಪ್ರಪಂಚದಲ್ಲೇ ಮೊದಲನೆಯದು’ ಅಂತ ಯಾವ ಮಗುವೂ ರಿಮೋಟ್ ಒತ್ತುವುದಿಲ್ಲ.

ಈ ‘ಮೊದಲನೆಯದು’ ಅನ್ನುವ ಮಾತಿನ ಜೊತೆ ನಾನು ಬಹಳ ವರ್ಷದಿಂದ ಗುದ್ದಾಡುತ್ತಿದ್ದೇನೆ. ಜಿಕೆ ಪುಸ್ತಕದಲ್ಲಿ ಅಚ್ಚಾಗುತ್ತದೆ, ವಾಟ್ಸಾಪ್‌ನಲ್ಲಿ ಬರುತ್ತದೆ, ತಿದ್ದಿದರೆ ಮುಂದಿನ ವರ್ಷ ಮತ್ತೆ ಬರುತ್ತದೆ. ಒಮ್ಮೆ ಒಂದು ಶಾಲೆಯ ಕ್ವಿಜ್‌ಗೆ ತೀರ್ಪುಗಾರನಾಗಿ ಹೋಗಿದ್ದೆ. ಇದೇ ಪ್ರಶ್ನೆ ಬಂತು. ಒಬ್ಬ ಹುಡುಗ ಎದ್ದು ನಿಂತು ‘ಅದು ಅರ್ಜೆಂಟೀನಾದ್ದು, ಹೆಸರು ಮರೆತುಹೋಯ್ತು’ ಅಂದ. ಅವನಿಗೆ ಸೊನ್ನೆ. ನಾನು ತಕರಾರು ತೆಗೆದೆ. ‘ಸರ್, ನಮ್ಮ ಶೀಟಲ್ಲಿ ಸ್ನೋ ವೈಟ್ ಅಂತಾನೇ ಇದೆ’ ಅಂದರು. ಮುಗಿಯಿತು. ಆ ಹುಡುಗನ ಹತ್ತು ಅಂಕ ಇನ್ನೂ ಬಾಕಿ ಇದೆ. ಇವತ್ತು ಅದನ್ನು ತೀರಿಸಿಬಿಡೋಣ.

‘ಸ್ನೋ ವೈಟ್’ ಮೊದಲ ಪ್ರದರ್ಶನ ಕಂಡಿದ್ದು 1937ರ ಡಿಸೆಂಬರ್ 21ರಂದು, ಲಾಸ್ ಏಂಜಲೀಸ್‌ನಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1917ರಲ್ಲಿ, ಬ್ಯೂನಸ್ ಐರಿಸ್‌ನಲ್ಲಿ ‘ಎಲ್ ಅಪೋಸ್ತೊಲ್’ ಬಿಡುಗಡೆಯಾಗಿತ್ತು. ಮಾಡಿದವನು ಕಿರಿನೊ ಕ್ರಿಸ್ತಿಯಾನಿ. ಇಟಲಿಯಲ್ಲಿ ಹುಟ್ಟಿ ಅರ್ಜೆಂಟೀನಾದಲ್ಲಿ ಬೆಳೆದ ವ್ಯಂಗ್ಯಚಿತ್ರಕಾರ. ರಟ್ಟಿನಲ್ಲಿ ಆಕಾರ ಕತ್ತರಿಸಿ, ಒಂದೊಂದೇ ಚೂರು ಸರಿಸಿ, ಒಂದೊಂದೇ ಫೋಟೊ ತೆಗೆದು ಮಾಡಿದ ಸಿನಿಮಾ. ಒಂದು ಗಂಟೆಗೂ ಜಾಸ್ತಿ ಓಡುತ್ತಿತ್ತು. ಮಕ್ಕಳ ಕಥೆಯೂ ಅಲ್ಲ, ಅಪ್ಪಟ ರಾಜಕೀಯ ಲೇವಡಿ. ಆಗಿನ ಅಧ್ಯಕ್ಷ ಇರಿಗೊಯೆನ್ ಸ್ವರ್ಗಕ್ಕೆ ಹೋಗಿ, ದೇವತೆಯ ಸಿಡಿಲು ತಂದು, ಊರಿನ ಭ್ರಷ್ಟಾಚಾರವನ್ನೆಲ್ಲ ಸುಟ್ಟುಹಾಕುವ ಕಥೆ. ಭ್ರಷ್ಟಾಚಾರದ ಜೊತೆ ಊರೂ ಸುಟ್ಟುಹೋಗುತ್ತದೆ. ಆಮೇಲೆ 1926ರಲ್ಲಿ ನಿರ್ಮಾಪಕರ ಸ್ಟುಡಿಯೊಗೆ ಬೆಂಕಿ ಬಿದ್ದು ಸಿನಿಮಾವೂ ಸುಟ್ಟುಹೋಯಿತು. ಆಗಿನ ಫಿಲ್ಮ್ ನೈಟ್ರೇಟಿನದು, ಕಿಡಿ ತಾಗಿದರೆ ಸಾಕು. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ಅದೇ ಕ್ರಿಸ್ತಿಯಾನಿ 1931ರಲ್ಲಿ ಮಾತು-ಸಂಗೀತ ಇರುವ ‘ಪೆಲುದೋಪೊಲಿಸ್’ ಮಾಡಿದ. ಅದೂ ಉಳಿದಿಲ್ಲ.

‘ಇಲ್ಲದ ಸಿನಿಮಾನ ಯಾಕೆ ಲೆಕ್ಕಕ್ಕೆ ತಗೋಬೇಕು’ ಅನ್ನುವವರೂ ಇದ್ದಾರೆ. ಸರಿ, ಇರುವುದನ್ನೇ ತೆಗೆದುಕೊಳ್ಳಿ. 1926ರಲ್ಲಿ ಬರ್ಲಿನ್‌ನಲ್ಲಿ ತೆರೆಕಂಡ ‘ಪ್ರಿನ್ಸ್ ಅಖ್ಮದ್‌ನ ಸಾಹಸಗಳು’. ಮಾಡಿದ್ದು ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು. ಕೈಯಲ್ಲಿ ಒಂದು ಕತ್ತರಿ. ಕಪ್ಪು ಕಾಗದ ಮತ್ತು ತೆಳು ಸೀಸದ ಹಾಳೆಯಲ್ಲಿ ಗೊಂಬೆ ಕತ್ತರಿಸುವುದು, ಕೈಕಾಲಿನ ಕೀಲುಗಳನ್ನು ತಂತಿಯಿಂದ ಜೋಡಿಸುವುದು, ಕೆಳಗಿನಿಂದ ಬೆಳಕು ಬಿಟ್ಟ ಗಾಜಿನ ಮೇಲೆ ಮಲಗಿಸಿ ಕೂದಲೆಳೆಯಷ್ಟು ಸರಿಸುವುದು, ಮೇಲಿನಿಂದ ಒಂದು ಚಿತ್ರ ತೆಗೆಯುವುದು. ಮತ್ತೆ ಸರಿಸುವುದು. ಪಾಟ್ಸ್‌ಡ್ಯಾಮ್‌ನಲ್ಲಿ ಒಬ್ಬ ಬ್ಯಾಂಕರ್‌ನ ಗ್ಯಾರೇಜಿನ ಮೇಲಿನ ಅಟ್ಟದಲ್ಲಿ ಮೂರು ವರ್ಷ ಇದೇ ಕೆಲಸ. ನಮ್ಮ ತೊಗಲುಗೊಂಬೆಯಾಟ ನೋಡಿದವರಿಗೆ ಈ ಸಿನಿಮಾ ಪರಿಚಯದ್ದೇ ಅನ್ನಿಸುತ್ತದೆ. ನಮ್ಮ ಗೊಂಬೆಗೆ ಬಣ್ಣ ಇದೆ, ಅವಳದು ಬರೀ ಕಪ್ಪು ನೆರಳು. ಇದರ ಮೂಲ ನೆಗೆಟಿವ್ ಯುದ್ಧದಲ್ಲಿ ಹಾಳಾದರೂ ಬೇರೆ ಪ್ರಿಂಟ್‌ನಿಂದ ಸಿನಿಮಾ ಉಳಿದುಕೊಂಡಿತು. ಇವತ್ತೂ ನೋಡಬಹುದು. ನೋಡಿ ಕೂಡ.

ಇನ್ನೂ ಬೇಕಾ? 1935ರಲ್ಲಿ ಸೋವಿಯತ್ ರಷ್ಯಾದಲ್ಲಿ ಪ್ತುಷ್ಕೊ ಎಂಬ ನಿರ್ದೇಶಕ ಸಾವಿರಾರು ಗೊಂಬೆಗಳನ್ನು ಬಳಸಿ ‘ಹೊಸ ಗಲಿವರ್’ ಮಾಡಿದ್ದ. 1937ರಲ್ಲೇ, ಆದರೆ ‘ಸ್ನೋ ವೈಟ್’ಗಿಂತ ಎಂಟು ತಿಂಗಳು ಮೊದಲು, ಸ್ಟಾರೆವಿಚ್ ಎಂಬಾತ ಗೊಂಬೆಗಳಿಂದಲೇ ಮಾಡಿದ ನರಿ ಕಥೆಯ ಸಿನಿಮಾ ಬರ್ಲಿನ್‌ನಲ್ಲಿ ತೆರೆಕಂಡಿತ್ತು.

ಹಾಗಾದರೆ ‘ಸ್ನೋ ವೈಟ್’ ಯಾವುದರಲ್ಲಿ ಮೊದಲು? ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಕೈಯಿಂದ ಚಿತ್ರ ಬರೆದು ಮಾಡಿದ ಮೊದಲ ಪೂರ್ಣಪ್ರಮಾಣದ ಸಿನಿಮಾ. ಅಮೆರಿಕದ ಮೊದಲ ಪೂರ್ಣಪ್ರಮಾಣದ ಆ್ಯನಿಮೇಷನ್. ಡಿಸ್ನಿಯ ಮೊದಲನೆಯದು. ಇಷ್ಟೂ ಸೇರಿಸಿ ಹೇಳಿದರೆ ಸರಿ. ಮಧ್ಯದ ಪದಗಳನ್ನೆಲ್ಲ ನುಂಗಿ ‘ಪ್ರಪಂಚದ ಮೊದಲ’ ಅಂದರೆ ತಪ್ಪು.

ಸುಮ್ನೆ ಹಟಕ್ಕೆ ಇಷ್ಟುದ್ದ ಬರೆಯುತ್ತಿಲ್ಲ. ಮೊದಲು ಬಂದಿದ್ದೇ ಬಾಳಿಕೆಗೆ ಕಾರಣ ಆಗಿದ್ದರೆ ನಿಮ್ಮ ಮಗಳು ಇರಿಗೊಯೆನ್ ಕಥೆ ಹಾಕು ಅಂತ ಕಾಡುತ್ತಿದ್ದಳು. ‘ಮೊದಲನೆಯದು ಅಲ್ವಾ’ ಅಂದುಬಿಟ್ಟರೆ ಅದರೊಳಗೆ ಏನಿದೆ ಅಂತ ನೋಡುವ ಕೆಲಸವೇ ತಪ್ಪುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೆ.

ಒಳಗೆ ಇರುವುದು ಏನು ಅಂತ ಒಂದೇ ಮಾತಲ್ಲಿ ಕೇಳಿದರೆ, ಏಳು ಕುಳ್ಳರಲ್ಲಿ ಒಬ್ಬನಾದ ಸಿಡುಕ ಗ್ರಂಪಿ ಅನ್ನುತ್ತೇನೆ.

ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿದ ಕಥೆಯಲ್ಲಿ ಏಳು ಕುಳ್ಳರಿಗೆ ಹೆಸರೇ ಇಲ್ಲ. ಏಳು ಜನ, ಏಳು ತಟ್ಟೆ, ಏಳು ಹಾಸಿಗೆ, ಅಷ್ಟೆ. 1912ರ ಬ್ರಾಡ್‌ವೇ ನಾಟಕವೊಂದು ಬ್ಲಿಕ್, ಫ್ಲಿಕ್, ಗ್ಲಿಕ್ ಅಂತ ಹೆಸರಿಟ್ಟಿತ್ತು. ಯಾರು ಯಾರೆಂದು ದೇವರಿಗೇ ಗೊತ್ತು. ಡಿಸ್ನಿ ತಂಡ ಬೇರೆ ದಾರಿ ಹಿಡಿಯಿತು. ಸ್ವಭಾವವನ್ನೇ ಹೆಸರು ಮಾಡಿತು. ನಮ್ಮೂರಲ್ಲಿ ಅಡ್ಡಹೆಸರು ಇಡುವುದಿಲ್ಲವೇ, ಹಾಗೆ. ಒಬ್ಬ ಸಿಡುಕ, ಒಬ್ಬ ನಿದ್ದೆಬುರುಕ, ಒಬ್ಬ ನಾಚಿಕೆಯವ, ಒಬ್ಬನಿಗೆ ಸೀನು ನಿಲ್ಲುವುದಿಲ್ಲ. ಡೋಪಿಗೆ ಮಾತೇ ಇಲ್ಲ. ಹೆಸರಿಡುವುದು ಸುಲಭ. ಏಳೂ ಜನ ಒಂದೇ ಎತ್ತರ, ಒಂದೇ ಥರ ಮೂಗು, ಆರು ಜನಕ್ಕೆ ಗಡ್ಡ. ನಡಿಗೆ ನೋಡಿಯೇ ಇವನು ಇಂಥವನು ಅಂತ ಗೊತ್ತಾಗಬೇಕು. ಕಷ್ಟ ಇದ್ದಿದ್ದು ಅಲ್ಲಿ.

ಒಂದು ದೃಶ್ಯ ಹತ್ತಿರದಿಂದ ನೋಡಿ. ಕುಳ್ಳರು ಬೆಳಿಗ್ಗೆ ಗಣಿಗೆ ಹೊರಟಿದ್ದಾರೆ. ಸ್ನೋ ವೈಟ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ತಲೆಗೂ ಮುತ್ತಿಟ್ಟು ಕಳಿಸುತ್ತಿದ್ದಾಳೆ. ಗ್ರಂಪಿಗೆ ಹೆಂಗಸರೆಂದರೆ ಆಗುವುದಿಲ್ಲ, ಮೊದಲ ದಿನವೇ ಹೇಳಿಬಿಟ್ಟಿದ್ದಾನೆ. ಅವನಿಗೂ ಮುತ್ತು ಬೀಳುತ್ತದೆ. ಕೊಸರಿಕೊಂಡು, ಎದೆ ಸೆಟೆಸಿಕೊಂಡು ದಾಪುಗಾಲು ಹಾಕುತ್ತಾನೆ. ನಾಲ್ಕು ಹೆಜ್ಜೆಗೆ ಕಾಲು ನಿಧಾನವಾಗುತ್ತದೆ. ಹುಬ್ಬು ಸಡಿಲವಾಗುತ್ತದೆ. ಮುಖ ಬೆಣ್ಣೆಯಂತೆ ಕರಗಿ ಒಂದು ನಿಟ್ಟುಸಿರು. ತಿರುಗಿ ನೋಡಿದರೆ ಅವಳು ಇನ್ನೂ ನೋಡುತ್ತಿದ್ದಾಳೆ! ಸಿಕ್ಕಿಬಿದ್ದ ನಾಚಿಕೆಗೆ ಮತ್ತೆ ಮುಖ ಗಂಟು ಹಾಕಿ ಹೊರಡುತ್ತಾನೆ, ಮರಕ್ಕೆ ಮೂಗು ಸಿಕ್ಕಿಸಿಕೊಳ್ಳುತ್ತಾನೆ, ಕಿತ್ತುಕೊಂಡು ನೀರಿಗೆ ಬೀಳುತ್ತಾನೆ. ಮಕ್ಕಳು ನಗುವುದು ನೀರಿಗೆ ಬಿದ್ದಾಗ. ದೊಡ್ಡವರು ನಗುವುದು ನಿಟ್ಟುಸಿರಿಗೆ. ಈ ದೃಶ್ಯದ ಚಿತ್ರ ಬರೆದವನು ಬಿಲ್ ಟೈಟ್ಲ ಎಂಬ ಡಿಸ್ನಿ ಕಲಾವಿದ. ಮನಸ್ಸು ಬದಲಾಗುವುದನ್ನು ಪೆನ್ಸಿಲ್‌ನಲ್ಲಿ ತೋರಿಸಿಬಿಟ್ಟ.

ಇದನ್ನು ಮನಸ್ಸಲ್ಲಿಟ್ಟುಕೊಂಡು ಸ್ನೋ ವೈಟ್‌ಳ ಸಾವಿನ ದೃಶ್ಯಕ್ಕೆ ಬನ್ನಿ. ಮನೆಯೊಳಗೆ ಮೋಂಬತ್ತಿ. ಕಿಟಕಿಯಾಚೆ ಮಳೆ. ಸುತ್ತ ನಿಂತ ಕುಳ್ಳರು ಅಲ್ಲಾಡುವುದೇ ಇಲ್ಲ ಅನ್ನಬಹುದು. ಕೆನ್ನೆಯ ಮೇಲೆ ಕಣ್ಣೀರಷ್ಟೇ ಇಳಿಯುತ್ತದೆ. ಕುಣಿದು ಕುಪ್ಪಳಿಸುವುದೇ ಕಾರ್ಟೂನ್ ಅಂದುಕೊಂಡ ಕಾಲದಲ್ಲಿ ಫ್ರ್ಯಾಂಕ್ ಥಾಮಸ್ ಎಂಬ ಹುಡುಗ ಅದನ್ನು ಸುಮ್ಮನೆ ನಿಲ್ಲಿಸಿದ. ಎಲ್ಲರಿಗಿಂತ ಜಾಸ್ತಿ ಕುಸಿಯುವುದು ಯಾರು? ಗ್ರಂಪಿ. ಮುಖ ತಿರುಗಿಸಿಕೊಂಡು ಬಿಕ್ಕುತ್ತಾನೆ. ಬೆಳಗಿನ ಆ ನಿಟ್ಟುಸಿರು ಇಲ್ಲದಿದ್ದರೆ ಈ ಅಳು ನಮಗೆ ತಾಗುತ್ತಲೇ ಇರಲಿಲ್ಲ. ಆರು-ಏಳು ನಿಮಿಷದ ಕಾರ್ಟೂನ್ ನೋಡಿ ನಕ್ಕು ಅಭ್ಯಾಸ ಆಗಿದ್ದ ಜನ ಬಣ್ಣದ ಗೆರೆಗಳಿಗಾಗಿ ಅತ್ತರು. ಇಷ್ಟು ಉದ್ದದ ಕಾರ್ಟೂನ್ ನಿಲ್ಲುತ್ತದೆ ಅಂತ ಹಾಲಿವುಡ್‌ನಲ್ಲಿ ಹೆಚ್ಚಿನವರು ನಂಬಿರಲಿಲ್ಲ. ‘ಡಿಸ್ನಿಯ ಹುಚ್ಚಾಟ’ ಅಂತಲೇ ಹೆಸರಿಟ್ಟಿದ್ದರು. ಎರಡೂವರೆ ಲಕ್ಷ ಡಾಲರ್ ಅಂತ ಶುರುವಾದ ಲೆಕ್ಕ ಸುಮಾರು 15 ಲಕ್ಷಕ್ಕೆ ಹೋಗಿ ನಿಂತಿತ್ತು.

ಇನ್ನೊಂದು ಗುಟ್ಟು, ಏನು ಬಿಟ್ಟರು ಅನ್ನುವುದು. ಕುಳ್ಳರು ಸೊರ್ ಸೊರ್ ಅಂತ ಸೂಪು ಕುಡಿಯುವ ಒಂದು ದೃಶ್ಯ ಇತ್ತು. ವಾರ್ಡ್ ಕಿಂಬಲ್ ಎಂಬ ಕಲಾವಿದ ತಿಂಗಳುಗಟ್ಟಲೆ ಕೂತು ಬರೆದಿದ್ದ. ನಗು ಬರುವ ದೃಶ್ಯವೇ. ಕಥೆ ಮುಂದೆ ಹೋಗುವುದಿಲ್ಲ ಅಂತ ವಾಲ್ಟ್ ಡಿಸ್ನಿ ಕಿತ್ತುಹಾಕಿದ. ಕುಳ್ಳರು ಸೇರಿ ಮಂಚ ಮಾಡುವ ದೃಶ್ಯಕ್ಕೂ ಅದೇ ಗತಿ. ಇಡೀ ಸಿನಿಮಾ 83 ನಿಮಿಷ. ಸೆಕೆಂಡಿಗೆ 24 ಚೌಕಟ್ಟಿನಂತೆ ಸುಮಾರು 1,20,000 ಚೌಕಟ್ಟು. ಅಷ್ಟನ್ನೂ ಕೈಯಲ್ಲಿ ತುಂಬಿಸುವಾಗ ಮುಗಿದ ಕೆಲಸ ಬಿಸಾಡಲು ಎಂಟೆದೆ ಬೇಕು.

ಕುಂದಿಲ್ಲವೇ? ಇದೆ. ರಾಜಕುಮಾರ ಶುರುವಿನಲ್ಲಿ ಹಾಡಿ ಮಾಯ, ಕೊನೆಯಲ್ಲಿ ಮುತ್ತಿಗೆ ಹಾಜರು. ನಿಜವಾದ ಮನುಷ್ಯನಂಥ ಗಂಡಸನ್ನು ಬರೆಯುವುದು ಅವರ ಕೈಗೆ ಇನ್ನೂ ಹತ್ತಿರಲಿಲ್ಲ, ಹಾಗಾಗಿ ಅವನ ಪಾತ್ರ ಸಣ್ಣದಾಗುತ್ತಾ ಹೋಯಿತು. ಹುಡುಗಿಯೂ ಅಡುಗೆ, ಕಸ, ಪಾತ್ರೆ ಅಂತಲೇ ಇರುತ್ತಾಳೆ, ಈಗ ನೋಡಿದರೆ ಕಣ್ಣಿಗೆ ಹೊಡೆಯುತ್ತದೆ. ಮತ್ತೆ ವ್ಯಾಪಾರಿ ಬುದ್ಧಿಯನ್ನೂ ಮರೆಯಬೇಡಿ. 1944ರಿಂದ ಏಳೆಂಟು ವರ್ಷಕ್ಕೊಮ್ಮೆ ಸಿನಿಮಾವನ್ನು ಥಿಯೇಟರಿಗೆ ಬಿಟ್ಟು ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದರು. ಹೊಸ ಮಕ್ಕಳು ತಯಾರಾದಾಗ ಮತ್ತೆ ಹೊರಗೆ. ಅಮೆರಿಕದಲ್ಲಿ ವಿಡಿಯೊ ಕ್ಯಾಸೆಟ್ ಆಗಿ ಬಂದಿದ್ದು 1994ರಲ್ಲಿ. ಅಜ್ಜಿ ನೋಡಿದ್ದನ್ನು ಅಮ್ಮ, ಅಮ್ಮ ನೋಡಿದ್ದನ್ನು ಮಗಳು ಥಿಯೇಟರಲ್ಲೇ ನೋಡುವ ಹಾಗೆ ಮಾಡಿದರು. ಇದೂ ಬಾಳಿಕೆಗೆ ಒಂದು ಕಾರಣ, ಒಪ್ಪಿಕೊಳ್ಳೋಣ. ಆದರೆ ಗ್ರಂಪಿ ಇಲ್ಲದೆ ಬರೀ ಪೆಟ್ಟಿಗೆಯ ತಂತ್ರದಿಂದ ಮೂರು ತಲೆಮಾರು ಸಿಗುವುದಿಲ್ಲ.

ಅಂದಹಾಗೆ, ಡಿಸ್ನಿ ಸ್ಟುಡಿಯೊದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಎಂಬಾತ 1956ರಲ್ಲಿ ಬಾಂಬೆಯಲ್ಲಿದ್ದ ಸರ್ಕಾರದ ಸಿನಿಮಾ ಸಂಸ್ಥೆ ಫಿಲ್ಮ್ಸ್ ಡಿವಿಷನ್‌ಗೆ ಬಂದು ನಮ್ಮವರಿಗೆ ಈ ವಿದ್ಯೆ ಹೇಳಿಕೊಟ್ಟ. ಜಾತಕ ಕಥೆಯ ‘ಬನ್ಯನ್ ಡೀರ್’ 1957ರಲ್ಲಿ ಹೊರಬಂದಿದ್ದು ಅದರಿಂದಲೇ. ಇದನ್ನು ಯಾಕೆ ಯಾರೂ ಕ್ವಿಜ್‌ನಲ್ಲಿ ಕೇಳುವುದಿಲ್ಲವೋ!

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿ ಏಳುತ್ತೇನೆ. ಸ್ನೋ ವೈಟ್‌ಳ ಮಲತಾಯಿ ರಾಣಿ ತನ್ನ ಕನ್ನಡಿಗೆ ಏನನ್ನುತ್ತಾಳೆ? ‘ಮಿರರ್ ಮಿರರ್ ಆನ್ ದ ವಾಲ್’ ಅಂದಿರಾ? ಈ ಸಿನಿಮಾದಲ್ಲಿ ಅವಳು ಹಾಗನ್ನುವುದೇ ಇಲ್ಲ. ‘ಮ್ಯಾಜಿಕ್ ಮಿರರ್ ಆನ್ ದ ವಾಲ್’ ಅನ್ನುತ್ತಾಳೆ. ಹಾಗಂತ ನಿಮ್ಮ ನೆನಪು ಕೆಟ್ಟಿಲ್ಲ. ಗ್ರಿಮ್ ಕಥೆಯ ಜರ್ಮನ್‌ನಲ್ಲಿ ಅದು ‘ಶ್ಪೀಗ್‌ಲೈನ್, ಶ್ಪೀಗ್‌ಲೈನ್’. ಅಂದರೆ ‘ಪುಟ್ಟ ಕನ್ನಡಿ, ಪುಟ್ಟ ಕನ್ನಡಿ’. ಎರಡು ಸಲ. ನೀವು ಸಿನಿಮಾದ್ದು ಅಂದುಕೊಂಡಿದ್ದು ಕಥೆಪುಸ್ತಕದ ಮಾತು. ನಮ್ಮ ಅಜ್ಜಿಯರೂ ಕಥೆ ಹೇಳುವಾಗ ‘ಮರವೇ ಮರವೇ’, ‘ಗಿಣಿಯೇ ಗಿಣಿಯೇ’ ಅಂತ ಎರಡೆರಡು ಸಲವೇ ಕರೆಯುತ್ತಿದ್ದರು. ಒಂದೇ ಸಲ ಕೂಗಿದರೆ ಕಥೆಯೊಳಗಿನ ಯಾವುದೂ ಓಗೊಡುವುದಿಲ್ಲ ಅನ್ನುವ ಹಾಗೆ. ಮುಂದಿನ ಸಲ ಮಗಳು ಸಿನಿಮಾ ಹಾಕಿದಾಗ ಶುರುವಿನಲ್ಲೇ ಕಿವಿಗೊಟ್ಟು ಕೇಳಿ. ಅವಳಿಗೆ ಈ ಸಂಗತಿ ಗೊತ್ತಿದ್ದರೂ ಇರಬಹುದು.